ಆಮದು ಅಡಿಕೆ: ಕಂಪ್ಯೂಟರಿಗೆ ಕಾಣುವುದೆಷ್ಟು?

ಹೊರದೇಶದ ಅಡಿಕೆ ಬಂತಂತೆ ಎಂಬ ಸುದ್ದಿ ಹಬ್ಬಿದರೆ ಸಾಕು, ನಮ್ಮ ಧಾರಣೆ ಅಲ್ಲಾಡುತ್ತದೆ. ಆ ಅಡಿಕೆ ಬಂದರು ದಾಟುವುದು ಹೇಗೆ? ನಾನು ತಿಳಿದುಕೊಂಡದ್ದಿಷ್ಟು.

ಹಿಂದೆ ಕಸ್ಟಮ್ಸ್ ಕಾಗದಪತ್ರ ಮೇಜಿನಿಂದ ಮೇಜಿಗೆ ಅಲೆಯಬೇಕಿತ್ತು. 1995ರಲ್ಲಿ ದಿಲ್ಲಿಯಲ್ಲಿ ಈ ಕೆಲಸ ಕಂಪ್ಯೂಟರಿಗೆ ಬರತೊಡಗಿತು. ಈಗ ಆಮದುದಾರ ‘ಬಿಲ್ ಆಫ್ ಎಂಟ್ರಿ’ಯನ್ನು ಐಸ್‌ಗೇಟ್ ಜಾಲತಾಣದಲ್ಲೇ ಸಲ್ಲಿಸುತ್ತಾನೆ. ಮಾಲು ಯಾವುದು, ತೂಕ, ಕ್ರಯ, ಯಾವ ದೇಶದ್ದು - ಎಲ್ಲ ಅದರಲ್ಲಿರಬೇಕು. ಪ್ರತಿ ಮಾಲಿಗೂ ಕೋಡ್ ಉಂಟು. ಅಡಿಕೆಯದ್ದು 0802 80. 2023ರ ಫೆಬ್ರವರಿಯಲ್ಲಿ ಇದರ ಕನಿಷ್ಠ ಆಮದು ಬೆಲೆ ಕಿಲೋಗೆ 251 ರೂಪಾಯಿಯಿಂದ 351ಕ್ಕೇರಿತು. ಕೆಲವು ವಿನಾಯಿತಿ ಬಿಟ್ಟರೆ, ಅದಕ್ಕಿಂತ ಅಗ್ಗದ್ದನ್ನು ತರುವಂತಿಲ್ಲ.

ಯಾವ ಕಂಟೈನರ್ ತೆರೆದು ನೋಡಬೇಕೆಂದು ಬಹುಮಟ್ಟಿಗೆ ಕಂಪ್ಯೂಟರೇ ಆರಿಸುತ್ತದೆ. ಉಳಿದವು ಬರೆದುಕೊಟ್ಟದ್ದರ ಮೇಲೆ ಸಾಗುತ್ತವೆ. ಕಳ್ಳದಾರಿ ಇರುವುದು ಇಲ್ಲೇ. ಬೇರೆ ಹೆಸರು, ಬೇರೆ ಕೋಡ್ ಹಾಕಿದರೆ ಕಂಪ್ಯೂಟರಿಗೆ ಅದು ಅಡಿಕೆಯೇ ಅಲ್ಲ!

ಕೋಡ್‌ವಾರು ಆಮದಿನ ಅಂಕಿಗಳನ್ನು ಕೇಂದ್ರ ವಾಣಿಜ್ಯ ಸಚಿವಾಲಯ ಪ್ರಕಟಿಸುತ್ತದೆ. ಗಾಳಿಸುದ್ದಿಗೆ ಹೆದರಿ ಅಡಿಕೆ ಕೊಡುವ ಮೊದಲು ಅದನ್ನೊಮ್ಮೆ ನೋಡಿ. ಕಳ್ಳಹೆಸರಿನ ಮಾಲು ಮಾತ್ರ ಆ ಲೆಕ್ಕಕ್ಕೂ ಸಿಗದು. ಹಾಗಾಗಿ ನಮ್ಮ ಬೆಳೆಗಾರರ ಸಂಘಗಳು ಬೆಲೆ ಏರಿಸಿ ಎಂದಷ್ಟೇ ಕೇಳಿದರೆ ಸಾಲದು, ಕಂಟೈನರ್ ತೆರೆದು ನೋಡಿ ಎಂದೂ ಒತ್ತಾಯಿಸಬೇಕು.