ಗುರಾಣಿ ಹೊತ್ತ ಕುಲಪುತ್ರರು

ಮಧ್ಯಯುಗದ ಯುರೋಪಿನಲ್ಲಿ ನೈಟ್ ಪದವಿಗೆ ಮೊದಲೇ ದೊಡ್ಡ ಮನೆತನದ ಹುಡುಗರಿಗೆ ಬಿರುದುಗಳಿದ್ದವು. ಆ ಬಿರುದಿಗೆ ತಕ್ಕ ದುಡಿಮೆಯೂ ಇತ್ತು.

1160ರ ಸುಮಾರಿಗೆ ವಿಲಿಯಂ ಮಾರ್ಷಲ್ ಎಂಬ ಹುಡುಗನನ್ನು ಇಂಗ್ಲೆಂಡಿನಿಂದ ಕಡಲಾಚೆಯ ನಾರ್ಮಂಡಿಗೆ ಕಳುಹಿಸಿದರು. ಹಿರಿಯ ಮಗನಲ್ಲದ ಅವನಿಗೆ ಆಸ್ತಿಯ ಭರವಸೆ ಇರಲಿಲ್ಲ. ತಾಂಕರ್ವಿಲ್ ಪ್ರಭುವಿನ ಮನೆಯಲ್ಲಿದ್ದು ಯುದ್ಧವಿದ್ಯೆ ಕಲಿತು ಅವನು ನೈಟ್ ಆಗಬೇಕಿತ್ತು. ಅಲ್ಲಿ ಅವನನ್ನು ತಿಂಡಿಪೋತನೆಂದು ಆಡಿಕೊಳ್ಳುತ್ತಿದ್ದರಂತೆ. ಅದೇ ಹುಡುಗ 1216ರಲ್ಲಿ, ಒಂಬತ್ತು ವರ್ಷದ ದೊರೆ ಮೂರನೇ ಹೆನ್ರಿಯ ಪರವಾಗಿ ಇಂಗ್ಲೆಂಡಿನ ಆಡಳಿತ ಹೊತ್ತ.

ಬಡಿಸುವುದೇ ಮೊದಲ ಪಾಠ

ಸಾಮಾನ್ಯವಾಗಿ ಏಳನೇ ವಯಸ್ಸಿಗೆ ಹುಡುಗ ಇನ್ನೊಬ್ಬ ಪ್ರಭುವಿನ ಮನೆ ಸೇರಿ ‘ಪೇಜ್’ ಆಗುತ್ತಿದ್ದ. ಊಟ ಬಡಿಸುವುದು, ಹಿರಿಯರೆದುರು ನಡೆದುಕೊಳ್ಳುವ ರೀತಿ, ಕುದುರೆ ಸವಾರಿ ಅವನ ಆರಂಭದ ಪಾಠಗಳು. ಹದಿನಾಲ್ಕರ ಹೊತ್ತಿಗೆ ಅವನು ‘ಸ್ಕ್ವಯರ್’, ಅಂದರೆ ಗುರಾಣಿ ಹೊರುವವನು. ಒಡೆಯನ ಕುದುರೆಗಳ ಆರೈಕೆ ಅವನದು. ಕವಚಕ್ಕೆ ತುಕ್ಕು ಹಿಡಿಯದಂತೆ ಉಜ್ಜುವುದು, ಯುದ್ಧದ ಬೆಳಗ್ಗೆ ಪಟ್ಟಿಗಳನ್ನು ಬಿಗಿದು ತೊಡಿಸುವುದೂ ಅವನೇ. ಚಾಸರ್ ಕವಿಯ ‘ಕ್ಯಾಂಟರ್ಬರಿ ಟೇಲ್ಸ್’ನಲ್ಲಿ ಇಪ್ಪತ್ತರ ಹರೆಯದ ಸ್ಕ್ವಯರ್, ನೈಟ್ ಆಗಿದ್ದ ತಂದೆಗೆ ಊಟದ ಮೇಜಿನಲ್ಲಿ ಮಾಂಸ ಕತ್ತರಿಸಿ ಬಡಿಸುತ್ತಾನೆ. ಆ ಕಾಲಕ್ಕೆ ಅದು ಗೌರವದ ಕೆಲಸ.

ಫ್ರಾನ್ಸಿನಲ್ಲಿ ಇಂಥ ತರುಣ ‘ದಾಮ್ವಾಜೊ’, ಸ್ಪೇನಿನಲ್ಲಿ ‘ದೊನ್ಸೆಲ್’, ಜರ್ಮನ್ ನಾಡಿನಲ್ಲಿ ‘ಯುಂಕರ್’. ನಮ್ಮ ಹಳ್ಳಿಗಳ ‘ಚಿಕ್ಕ ಧಣಿ’ಯಂತೆ ಈ ಮೂರೂ ಕಿರಿಯ ಒಡೆಯನನ್ನು ಕರೆಯುವ ಹೆಸರುಗಳು. 1521ರಲ್ಲಿ ವಾರ್ಟ್‌ಬುರ್ಗ್ ಕೋಟೆಯಲ್ಲಿ ತಲೆಮರೆಸಿಕೊಂಡ ಧರ್ಮಸುಧಾರಕ ಮಾರ್ಟಿನ್ ಲೂಥರ್ ಗಡ್ಡ ಬಿಟ್ಟು ‘ಯುಂಕರ್ ಯೋರ್ಗ್’ ಎಂಬ ಹೆಸರಿನಲ್ಲೇ ಬಾಳಿದ.

ದುಬಾರಿಯಾದ ಪದವಿ

ನೈಟ್ ಆಗಲು ಕುದುರೆ, ಕವಚ, ಸಮಾರಂಭ ಎಂದು ಹಣ ಸುರಿಯಬೇಕಿತ್ತು. ಆದಮೇಲೆ ನ್ಯಾಯ, ಆಡಳಿತದ ಹೊಣೆಗಳೂ ಹೆಗಲೇರುತ್ತಿದ್ದವು. 13ನೇ ಶತಮಾನದಲ್ಲಿ ಅರ್ಹರೇ ಹಿಂದೆ ಸರಿದಾಗ, ಇಂತಿಷ್ಟು ಭೂಮಿಯ ಆದಾಯವುಳ್ಳವರು ನೈಟ್ ಆಗಲೇಬೇಕು, ಇಲ್ಲವೇ ದಂಡ ಕಟ್ಟಬೇಕು ಎಂದು ಇಂಗ್ಲೆಂಡಿನ ದೊರೆಗಳು ಆಜ್ಞೆ ಹೊರಡಿಸಿದರು. 1306ರಲ್ಲಿ ಮೊದಲನೇ ಎಡ್ವರ್ಡ್ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಯುವರಾಜನ ಜೊತೆಗೆ 250ಕ್ಕೂ ಹೆಚ್ಚು ತರುಣರಿಗೆ ಒಟ್ಟಿಗೇ ಪದವಿ ಕೊಡಿಸಿದ.

ಆದರೂ ಜೀವನವಿಡೀ ಸ್ಕ್ವಯರ್ ಆಗಿಯೇ ಉಳಿದವರು ಹೆಚ್ಚಿದರು. 14ನೇ ಶತಮಾನದಲ್ಲಿ ಅವರೂ ಸ್ವಂತ ಲಾಂಛನ ಧರಿಸತೊಡಗಿದರು. ಯಾರು ಎಂಥ ಬಟ್ಟೆ ತೊಡಬೇಕೆಂದು ವಿಧಿಸಿದ 1363ರ ಕಾನೂನು ಅವರನ್ನು ಪ್ರತ್ಯೇಕ ವರ್ಗವಾಗಿಯೇ ಎಣಿಸಿತು. ಚಾಸರ್ ಸ್ವತಃ ಅಲ್‌ಸ್ಟರ್‌ನ ಕೌಂಟೆಸ್ ಮನೆಯಲ್ಲಿ ಬೆಳೆದು ರಾಜನ ಸ್ಕ್ವಯರ್ ಆದವನು. ಫ್ರಾನ್ಸಿನಲ್ಲಿ ಸೆರೆಸಿಕ್ಕ ಅವನ ಬಿಡುಗಡೆಗೆ 1360ರಲ್ಲಿ ಮೂರನೇ ಎಡ್ವರ್ಡ್ 16 ಪೌಂಡ್ ಕೊಟ್ಟ. ಚಾಸರ್ ಕೊನೆಯವರೆಗೂ ನೈಟ್ ಆಗಲಿಲ್ಲ.

ಕೋಟೆಯ ಕಥೆಗಳಲ್ಲಿ ಮೆರೆಯುವುದು ನೈಟ್‌ಗಳೇ. ಆದರೆ ಆ ಸಮಾಜ ತನ್ನ ಮಕ್ಕಳನ್ನು ಹೇಗೆ ಬೆಳೆಸಿತೆಂದು ತಿಳಿಯಬೇಕಾದರೆ ಅವರ ಪಕ್ಕದಲ್ಲಿ ನಿಂತ ತರುಣರನ್ನು ನೋಡಬೇಕು. ಆಳುವ ಮನೆಯಲ್ಲಿ ಹುಟ್ಟಿದವನೂ ಮೊದಲು ಸೇವೆ ಮಾಡಿ ಕಲಿಯಬೇಕೆಂಬ ಆ ಕಟ್ಟುಪಾಡೇ ಮಧ್ಯಯುಗದ ಅತ್ಯುತ್ತಮ ಶಿಕ್ಷಣ.