ಮಾದಾವರದ ಮೇಳ: ಸಣ್ಣವನಿಗೂ ಇರಲಿ ಒಂದು ಮಳಿಗೆ

ತುಮಕೂರು ಬಸ್ಸು ಹತ್ತಿ ಬೆಂಗಳೂರಿಗೆ ಹೋಗುವವರಿಗೆ ನೆಲಮಂಗಲ ದಾಟಿದ ಮೇಲೆ ಮಾದಾವರದ ಭಾರೀ ಪ್ರದರ್ಶನ ಕೇಂದ್ರ ಕಣ್ಣಿಗೆ ಬೀಳುತ್ತದೆ. 'ಗೌರ್ಮೆಂಟಿಂದು ಇರ್ಬೇಕು ಬಿಡಿ' ಅನ್ನುವವರೇ ಹೆಚ್ಚು. ಅಲ್ಲ ಸ್ವಾಮಿ! ಅದು ಒಂದು ಸಂಘದ ಸ್ವತ್ತು. 1946ರಲ್ಲಿ ಹುಟ್ಟಿದ ಭಾರತೀಯ ಯಂತ್ರೋಪಕರಣ ತಯಾರಕರ ಸಂಘ 1969ರಿಂದ 'ಇಮ್ಟೆಕ್ಸ್' ಮೇಳ ನಡೆಸುತ್ತಾ ಬಂದಿದೆ. 2007ರಲ್ಲಿ ಮಾದಾವರದಲ್ಲಿ ಸ್ವಂತ ನೆಲೆ ಮಾಡಿಕೊಂಡಿತು. 2024ರ ನವೆಂಬರಿನಲ್ಲಿ ಮೆಟ್ರೋ ಕೂಡ ಅಲ್ಲಿಗೆ ಬಂತು.

ಲೇತ್ ಯಂತ್ರವನ್ನು ಚೀಲದಲ್ಲಿ ಹಾಕಿಕೊಂಡು ಗಿರಾಕಿ ಮನೆಗೆ ಒಯ್ಯಲಾಗದು. ಓಡುವ ಯಂತ್ರವನ್ನು ಕಣ್ಣಾರೆ ಕಂಡರೇ ವ್ಯಾಪಾರ. ಕ್ರೇನು, ಕರೆಂಟು, ಪರಊರ ಗಿರಾಕಿ ಎಲ್ಲವನ್ನೂ ಒಂದೆಡೆ ಕೂಡಿಸುವುದು ಒಬ್ಬನಿಂದಾಗದ ಕೆಲಸ. ಸಂಘ ಬೇಕಾಗುವುದು ಅದಕ್ಕೇ.

ಆದರೆ ಎರಡು ಲೇತ್ ಇಟ್ಟುಕೊಂಡ ನಮ್ಮೂರ ಸಣ್ಣ ಕಾರ್ಖಾನೆಯವನ ಗತಿ? ಮಳಿಗೆ ಬಾಡಿಗೆ ಕೇಳಿದರೇ ಎದೆ ಝಲ್ಲೆನ್ನುತ್ತದೆ. ಕೇಂದ್ರದ ಸಣ್ಣ ಉದ್ಯಮ ಸಚಿವಾಲಯವು ಇಂಥವರಿಗೆ ಬಾಡಿಗೆಯ ಒಂದು ಪಾಲು ಹಿಂದಿರುಗಿಸುವ ಯೋಜನೆ ಮಾಡಿದೆ. ಅರ್ಜಿ, ರಸೀದಿ, ಗಡುವು ಅಂತ ಓಡಾಡುವವರು ಯಾರು? ಅಂಗಡಿ ಮುಚ್ಚಿ ಅಲೆಯೋಕಾಗುತ್ತದೆಯೇ?

ಜಿಲ್ಲೆಯ ಸಂಘಗಳು ಕೈಹಾಕಬೇಕಾದ್ದು ಇಲ್ಲಿಯೇ. ಐದಾರು ಮಂದಿಯನ್ನು ಸೇರಿಸಿ ಒಂದೇ ಮಳಿಗೆ ಹಿಡಿಯಲಿ, ಕಾಗದಪತ್ರವನ್ನು ಸಂಘದ ಗುಮಾಸ್ತರೇ ನೋಡಿಕೊಳ್ಳಲಿ. ವರ್ಷಕ್ಕೊಂದು ಸಭೆ, ಹಾರ, ಊಟಕ್ಕೆ ಸಂಘ ಬೇಕಿಲ್ಲ. ಕಾರ್ಖಾನೆಗೆ ಆರ್ಡರು ಬಂದರೆ ಕೂಲಿ ಸಿಗುತ್ತದೆ. ಕೂಲಿ ಸಿಕ್ಕರೆ ದಿನಸಿ ಅಂಗಡಿಯ ಉದ್ರಿಯೂ ತೀರುತ್ತದೆ. ಚಂದಾ ಕಟ್ಟಿದವರು ಮುಂದಿನ ಸಭೆಯಲ್ಲಿ ಇದನ್ನೇ ಕೇಳಲಿ.