ಅಲರ್ಜಿಯಲ್ಲದ ಊತದ ಬೆನ್ನುಹತ್ತಿದ ವೈದ್ಯ

ಬೆಳಿಗ್ಗೆ ಏಳುವಷ್ಟರಲ್ಲಿ ತುಟಿ ಊದಿಕೊಂಡಿದ್ದರೆ ನಮಗೆ ಮೊದಲು ನೆನಪಾಗುವುದು ಹಿಂದಿನ ರಾತ್ರಿಯ ಊಟ. ಬದನೆಕಾಯಿ ಆಗಲಿಲ್ಲವೋ, ಸೀಗಡಿ ಆಗಲಿಲ್ಲವೋ, ಹೊಸ ಮಾತ್ರೆ ಒಗ್ಗಲಿಲ್ಲವೋ ಎಂದು ಲೆಕ್ಕ ಹಾಕುತ್ತೇವೆ. ಒಂದು ಸಿಟ್ರಿಜಿನ್ ನುಂಗಿದರೆ ಎಷ್ಟೋ ಸಲ ಊತ ಇಳಿದೂ ಬಿಡುತ್ತದೆ. ಆದರೆ ಕೆಲವರ ಊತ ಅಲರ್ಜಿಯ ಯಾವ ಮಾತ್ರೆಗೂ, ಯಾವ ಇಂಜೆಕ್ಷನ್‌ಗೂ ಜಗ್ಗುವುದಿಲ್ಲ. ಅದರಲ್ಲಿ ತುರಿಕೆ ಇರುವುದಿಲ್ಲ, ಪಿತ್ತಗಂಧೆ ಏಳುವುದಿಲ್ಲ. ಇವತ್ತು ಕೈ, ಮುಂದಿನ ತಿಂಗಳು ಮುಖ, ಇನ್ನೊಮ್ಮೆ ಪಾದ. ಗಂಟೆಗಟ್ಟಲೆ ಏರುತ್ತ ಹೋಗಿ, ಎರಡು ಮೂರು ದಿನ ನಿಂತು, ತಾನಾಗಿ ಇಳಿಯುತ್ತದೆ. ಕರುಳಿನ ಗೋಡೆ ಊದಿಕೊಂಡರೆ ತಡೆಯಲಾರದ ಹೊಟ್ಟೆನೋವು, ವಾಂತಿ. ಅಪೆಂಡಿಸೈಟಿಸ್ ಎಂದು ತಿಳಿದು ಹೊಟ್ಟೆ ಕೊಯ್ದದ್ದೂ ಉಂಟು. ಗಂಟಲು ಊದಿಕೊಂಡರೆ ಉಸಿರೇ ನಿಲ್ಲಬಹುದು.

ಈ ಕಾಯಿಲೆಯ ಹೆಸರು ಹೆರಿಡಿಟರಿ ಆಂಜಿಯೋಎಡಿಮಾ, ಚಿಕ್ಕದಾಗಿ ಎಚ್‌ಎಇ. ಸುಮಾರು 50,000 ಜನರಲ್ಲಿ ಒಬ್ಬರಿಗೆ ಬರುವ ಆನುವಂಶಿಕ ಕಾಯಿಲೆ ಇದು. ಇದಕ್ಕೆ ಮದ್ದು ಹುಡುಕುವ ಕೆಲಸಕ್ಕೆ ವೃತ್ತಿಜೀವನದ ಬಹುಭಾಗವನ್ನು ಕೊಟ್ಟವರಲ್ಲಿ ಅಮೆರಿಕದ ವೈದ್ಯ ಮೈಕೆಲ್ ಫ್ರಾಂಕ್ ಒಬ್ಬರು. ಅವರ ಹೆಸರು ನಮ್ಮಲ್ಲಿ ಅಷ್ಟಾಗಿ ಕೇಳಿಬಂದಿಲ್ಲ. ಆದರೆ ಭಾರತದ ಎಚ್‌ಎಇ ರೋಗಿಗಳು ಇಂದಿಗೂ ನುಂಗುವ ಒಂದು ಮಾತ್ರೆ ಅವರ ತಂಡದ ಪ್ರಯೋಗದಿಂದ ಗಟ್ಟಿಯಾಗಿ ನೆಲೆಗೊಂಡದ್ದು.

ಐದು ತಲೆಮಾರಿನ ಕಾಟ

ಇದ್ದಕ್ಕಿದ್ದಂತೆ ಬಂದು ಹೋಗುವ ಇಂಥ ಊತವನ್ನು 1882ರಲ್ಲಿ ಜರ್ಮನಿಯ ವೈದ್ಯ ಹೈನ್‌ರಿಚ್ ಕ್ವಿಂಕೆ ವಿವರಿಸಿದ್ದರು. ಇದು ವಂಶಪಾರಂಪರ್ಯವಾಗಿಯೂ ಬರುತ್ತದೆ ಎಂದು 1888ರಲ್ಲಿ ತೋರಿಸಿಕೊಟ್ಟವರು ಆಗ ಫಿಲಡೆಲ್ಫಿಯಾದಲ್ಲಿದ್ದ ವಿಲಿಯಂ ಆಸ್ಲರ್. ಒಂದೇ ಕುಟುಂಬದ ಐದು ತಲೆಮಾರುಗಳಲ್ಲಿ ಈ ಊತ ಹರಿದುಬಂದದ್ದನ್ನು ಅವರು ದಾಖಲಿಸಿದರು. ಏಕೆ ಬರುತ್ತದೆ ಎಂಬುದು ಮಾತ್ರ ಮುಂದಿನ 75 ವರ್ಷ ಗೊತ್ತಾಗಲಿಲ್ಲ.

ಉತ್ತರ ಸಿಕ್ಕಿದ್ದು 1963ರಲ್ಲಿ. ವರ್ಜೀನಿಯಾ ಡೊನಾಲ್ಡ್‌ಸನ್ ಮತ್ತು ರಿಚರ್ಡ್ ಇವಾನ್ಸ್ ಈ ರೋಗಿಗಳ ರಕ್ತದಲ್ಲಿ ಸಿ1 ಇನ್ಹಿಬಿಟರ್ ಎಂಬ ಪ್ರೋಟೀನಿನ ಕೊರತೆಯನ್ನು ಕಂಡುಹಿಡಿದರು. ರೋಗಾಣುಗಳ ಮೇಲೆ ಬೀಳಲು ನಮ್ಮ ರಕ್ತದಲ್ಲಿ ‘ಕಾಂಪ್ಲಿಮೆಂಟ್’ ಎಂಬ ಪ್ರೋಟೀನುಗಳ ಪಡೆಯೇ ಇದೆ. ಅದು ವಿನಾಕಾರಣ ಕೆರಳದಂತೆ ನೋಡಿಕೊಳ್ಳುವುದು ಸಿ1 ಇನ್ಹಿಬಿಟರ್‌ನ ಒಂದು ಕೆಲಸ. ರಕ್ತನಾಳಗಳಿಂದ ನೀರು ಸೋರಿಸುವ ಬ್ರಾಡಿಕೈನಿನ್ ಎಂಬ ರಾಸಾಯನಿಕ ಅತಿಯಾಗಿ ಹುಟ್ಟದಂತೆ ತಡೆಯುವುದು ಇನ್ನೊಂದು. ಊತಕ್ಕೆ ಮೂಲ ಈ ಎರಡನೆಯದು. 1998ರಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಇಟಲಿಯ ಸಂಶೋಧಕರು ಊತ ಬಂದಾಗ ರೋಗಿಗಳ ರಕ್ತದಲ್ಲಿ ಬ್ರಾಡಿಕೈನಿನ್ ಏರಿರುವುದನ್ನು ಅಳೆದು ತೋರಿಸಿದರು.

ಅಲರ್ಜಿಯ ದಾರಿಯೇ ಬೇರೆ. 1966ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿದ್ದ ಜಪಾನಿ ದಂಪತಿ ಕಿಮಿಶಿಗೆ ಮತ್ತು ಟೆರುಕೊ ಇಶಿಜಾಕಾ ಗುರುತಿಸಿದ ಐಜಿಇ ಎಂಬ ಪ್ರತಿಕಾಯ ಅಲ್ಲಿನ ಮುಖ್ಯ ಪಾತ್ರಧಾರಿ. ಪರಾಗವೋ, ದೂಳಿನ ನುಸಿಯೋ, ಶೇಂಗಾವೋ ಒಳಹೊಕ್ಕಾಗ ಐಜಿಇ ಹೊತ್ತ ಮಾಸ್ಟ್ ಕೋಶಗಳು ಒಡೆದು ಹಿಸ್ಟಮೈನ್ ಮೊದಲಾದವನ್ನು ಚೆಲ್ಲುತ್ತವೆ. ಮೂಗು ಸೋರುವುದು, ಗಂಧೆ ಏಳುವುದು, ಅಲರ್ಜಿಯಿಂದ ಬರುವ ಅಸ್ತಮಾದಲ್ಲಿ ಉಸಿರುನಾಳ ಬಿಗಿಯುವುದು ಎಲ್ಲಕ್ಕೂ ಇದೇ ಮೂಲ. ಹಿಸ್ಟಮೈನ್ ತಡೆಯುವ ಮಾತ್ರೆ, ಸ್ಟೆರಾಯ್ಡ್, ಅಡ್ರಿನಲಿನ್ ಇವೆಲ್ಲ ಈ ದಾರಿಗೆ ಅಡ್ಡ ನಿಲ್ಲುವ ಔಷಧಗಳು. ಬ್ರಾಡಿಕೈನಿನ್ ಬರುವ ದಾರಿಯಲ್ಲಿ ಅವಕ್ಕೆ ಕೆಲಸವಿಲ್ಲ. ಹೊರಗೆ ಕಾಣುವ ಊತ ಒಂದೇ ಆದರೂ ಮದ್ದು ಬೇರೆಯಾಗುವುದು ಇದರಿಂದ.

ಬೆಥೆಸ್ಡಾದ ವಾರ್ಡು

ಫ್ರಾಂಕ್ ದೀರ್ಘಕಾಲ ದುಡಿದದ್ದು ಮೇರಿಲ್ಯಾಂಡಿನ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಆರೋಗ್ಯ ಸಂಸ್ಥೆ, ಅಂದರೆ ಎನ್‌ಐಎಚ್‌ನಲ್ಲಿ. ಅಲ್ಲಿನ ಕ್ಲಿನಿಕಲ್ ಸೆಂಟರ್ 1953ರಲ್ಲಿ ಶುರುವಾದ ಸಂಶೋಧನಾ ಆಸ್ಪತ್ರೆ. ರೋಗಿಗಳ ವಾರ್ಡೂ ಪ್ರಯೋಗಾಲಯವೂ ಒಂದೇ ಸೂರಿನಡಿ. ಅಧ್ಯಯನಕ್ಕೆ ಸೇರಿದವರು ಚಿಕಿತ್ಸೆಗೆ ಹಣ ಕೊಡಬೇಕಾಗಿಲ್ಲ. ಒಂದು ಊರಿನಲ್ಲಿ ಹುಡುಕಿದರೆ ಒಬ್ಬರೂ ಸಿಗದಂಥ ಕಾಯಿಲೆಯನ್ನು ಓದಬೇಕಾದರೆ ದೇಶದ ಮೂಲೆಮೂಲೆಯ ಕುಟುಂಬಗಳು ಬಂದು ಸೇರುವ ಇಂಥ ಜಾಗವೇ ಬೇಕು.

ಈ ಕಾಯಿಲೆಯ ಔಷಧವನ್ನು ಪರೀಕ್ಷಿಸುವುದು ಸುಲಭವಲ್ಲ. ಊತ ತಾನಾಗಿ ಬಂದು ತಾನಾಗಿ ಹೋಗುವುದರಿಂದ, ಇಳಿಯುವ ಹೊತ್ತಿಗೆ ಏನು ಕೊಟ್ಟಿದ್ದರೂ ಅದರಿಂದಲೇ ಗುಣವಾಯಿತು ಎನಿಸುತ್ತದೆ. ಆದ್ದರಿಂದ ಫ್ರಾಂಕ್ ತಂಡ ಔಷಧ ಯಾವುದು, ಹುಸಿ ಮಾತ್ರೆ ಯಾವುದು ಎಂದು ರೋಗಿಗೂ ವೈದ್ಯರಿಗೂ ತಿಳಿಯದ ಹಾಗೆ ಪರೀಕ್ಷೆ ನಡೆಸುವ ಕ್ರಮ ಹಿಡಿಯಿತು. 1972ರಲ್ಲಿ ಎಪ್ಸಿಲಾನ್ ಅಮಿನೊಕಾಪ್ರೊಯಿಕ್ ಆಸಿಡ್ ಎಂಬ ಔಷಧ ಊತವನ್ನು ತಡೆಯುತ್ತದೆ ಎಂದು ಹೀಗೇ ಸಾಬೀತುಪಡಿಸಿತು.

1976ರ ಪ್ರಯೋಗ ಇನ್ನೂ ದೊಡ್ಡ ಹೆಜ್ಜೆ. ಟೆಸ್ಟೊಸ್ಟೆರಾನ್ ಜಾತಿಯ ಔಷಧದಿಂದ ಈ ರೋಗಿಗಳಿಗೆ ಅನುಕೂಲವಾಗುತ್ತದೆ ಎಂಬ ಸುಳಿವು 1960ರಲ್ಲೇ ಸಿಕ್ಕಿತ್ತು. ಆದರೆ ಅದನ್ನು ಹೆಣ್ಣುಮಕ್ಕಳಿಗೆ ಕೊಡುವುದು ಹೇಗೆ? ಗಂಡು ಹಾರ್ಮೋನಿನ ಲಕ್ಷಣಗಳನ್ನು ಅಷ್ಟಾಗಿ ತೋರಿಸದ ಡೆನಜಾಲ್ ಮಾತ್ರೆಯನ್ನು ಜೆಫ್ರಿ ಗೆಲ್ಫಾಂಡ್, ಫ್ರಾಂಕ್ ಮತ್ತು ಸಂಗಡಿಗರು ಒಂಬತ್ತು ರೋಗಿಗಳ ಮೇಲೆ ಪರೀಕ್ಷಿಸಿದರು. 28 ದಿನಗಳ ಒಂದೊಂದು ಸರದಿಯಲ್ಲಿ ಡೆನಜಾಲ್ ಅಥವಾ ಹುಸಿ ಮಾತ್ರೆ. ಹುಸಿ ಮಾತ್ರೆಯ 47 ಸರದಿಗಳಲ್ಲಿ 44ರಲ್ಲಿ ಊತ ಬಂತು. ಡೆನಜಾಲ್‌ನ 46 ಸರದಿಗಳಲ್ಲಿ ಊತ ಬಂದದ್ದು ಒಂದರಲ್ಲಿ ಮಾತ್ರ. ರಕ್ತದಲ್ಲಿ ಕಡಿಮೆಯಿದ್ದ ಸಿ1 ಇನ್ಹಿಬಿಟರ್ ಕೂಡ ಮೂರು ನಾಲ್ಕು ಪಟ್ಟು ಏರಿತು. ಹುಟ್ಟಿನಿಂದಲೇ ಬಂದ ಕೊರತೆಯನ್ನು ಒಂದು ಮಾತ್ರೆ ದೇಹದ ಒಳಗಿಂದಲೇ ತುಂಬಿಕೊಡುತ್ತಿತ್ತು. ಒಂಬತ್ತೇ ಜನರಿಂದ ಇಷ್ಟು ಸ್ಪಷ್ಟವಾದ ಉತ್ತರ ಪಡೆದ ಆ ಪ್ರಯೋಗದ ಅಚ್ಚುಕಟ್ಟು ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಕಂಡುಹಿಡಿದ ಮೇಲೆ ಕಾದ ವರ್ಷಗಳು

ಡೆನಜಾಲ್‌ಗೂ ಮಿತಿಗಳಿವೆ. ಮುಖದಲ್ಲಿ ಕೂದಲು, ಮುಟ್ಟಿನ ಏರುಪೇರು, ತೂಕ ಹೆಚ್ಚುವುದು, ಯಕೃತ್ತಿಗೆ ತೊಂದರೆ ಕಾಣಿಸಬಹುದು. ಗರ್ಭಿಣಿಯರಿಗೆ ಕೊಡುವಂತಿಲ್ಲ, ಬೆಳೆಯುವ ಮಕ್ಕಳಿಗೂ ಅದು ಹೇಳಿಸಿದ್ದಲ್ಲ. ಗಂಟಲು ಊದುತ್ತಿರುವಾಗ ನುಂಗಿದರೆ ತಕ್ಷಣಕ್ಕೆ ಉಪಯೋಗವೂ ಇಲ್ಲ. ಹಾಗಾಗಿ ಕೊರತೆಯಾದ ಪ್ರೋಟೀನನ್ನೇ ನೇರವಾಗಿ ಕೊಡುವ ಕಡೆಗೆ ತಂಡ ತಿರುಗಿತು. ದಾನಿಗಳ ರಕ್ತದಿಂದ ಬೇರ್ಪಡಿಸಿದ ಸಿ1 ಇನ್ಹಿಬಿಟರ್ ಏರಿಸಿದರೆ ಬಂದ ಊತ ಇಳಿಯುತ್ತದೆ ಎಂದು 1980ರಲ್ಲಿ ಪ್ರಕಟಿಸಿತು. 1990ರಲ್ಲಿ ಫ್ರಾಂಕ್ ಡ್ಯೂಕ್ ವಿಶ್ವವಿದ್ಯಾಲಯದ ಮಕ್ಕಳ ವಿಭಾಗದ ಮುಖ್ಯಸ್ಥರಾಗಿ ಹೋದರು. ಈ ಕೆಲಸವನ್ನು ಮಾತ್ರ ಬಿಡಲಿಲ್ಲ. ವೈರಸ್‌ಗಳು ಉಳಿಯದಂತೆ ಬಿಸಿ ಆವಿಯಲ್ಲಿ ಹಾಯಿಸಿದ ಸಿ1 ಇನ್ಹಿಬಿಟರ್ ಕೂಡ ಪರಿಣಾಮಕಾರಿ ಎಂದು ತೋರಿಸಿದ 1996ರ ಅಧ್ಯಯನದಲ್ಲೂ ಅವರ ಹೆಸರಿದೆ.

ಇಷ್ಟಾದರೂ ಅಮೆರಿಕದಲ್ಲಿ ಈ ಔಷಧದ ಮಾರಾಟಕ್ಕೆ ಅನುಮತಿ ಸಿಕ್ಕಿದ್ದು ಊತ ಬಾರದಂತೆ ತಡೆಯಲು 2008ರಲ್ಲಿ, ಬಂದ ಊತ ಇಳಿಸಲು 2009ರಲ್ಲಿ. ಯುರೋಪಿನ ರೋಗಿಗಳಿಗೆ ಅದು ಮೊದಲೇ ದೊರಕುತ್ತಿತ್ತು. ಕಾಯಿಲೆ ಅಪರೂಪದ್ದಾದರೆ ವಿಜ್ಞಾನ ಗೆದ್ದ ಮೇಲೂ ರೋಗಿ ಕಾಯಬೇಕಾಗುತ್ತದೆ. ಆ ಕಾಯುವಿಕೆಯಲ್ಲೂ ರೋಗಿಗಳ ಪಕ್ಕದಲ್ಲೇ ನಿಂತದ್ದನ್ನು ನಾನು ಫ್ರಾಂಕ್ ಅವರ ಸಂಶೋಧನೆಯಷ್ಟೇ ದೊಡ್ಡ ಕೆಲಸವೆಂದು ಎಣಿಸುತ್ತೇನೆ. ಬಾಗಿಲು ತೆರೆದ ಮೇಲೆ ಔಷಧಗಳು ಸಾಲಾಗಿ ಬಂದವು: ಬ್ರಾಡಿಕೈನಿನ್‌ಗೆ ತಡೆಯೊಡ್ಡುವ ಇಕಾಟಿಬಾಂಟ್‌ಗೆ ಅಮೆರಿಕದ ಅನುಮತಿ 2011ರಲ್ಲಿ, ಕೆಲವು ವಾರಗಳಿಗೊಮ್ಮೆ ಚುಚ್ಚಿಕೊಳ್ಳುವ ಲಾನಾಡೆಲುಮ್ಯಾಬ್‌ಗೆ 2018ರಲ್ಲಿ, ದಿನವೂ ನುಂಗುವ ಬೆರೊಟ್ರಾಲ್‌ಸ್ಟಾಟ್‌ಗೆ 2020ರಲ್ಲಿ.

ನಮ್ಮಲ್ಲಿ

ಭಾರತದ ಬಹುಪಾಲು ರೋಗಿಗಳಿಗೆ ಈ ಹೊಸ ಔಷಧಗಳ ಬೆಲೆ ನಿಲುಕುವಂಥದ್ದಲ್ಲ. ಇಲ್ಲಿನ ವೈದ್ಯರು ನೆಚ್ಚಿಕೊಂಡಿರುವುದು ಡೆನಜಾಲ್ ಮತ್ತು ಅದೇ ಜಾತಿಯ ಸ್ಟಾನೊಜೊಲಾಲ್, ಮುಟ್ಟಿನ ಅತಿಸ್ರಾವಕ್ಕೂ ಕೊಡುವ ಟ್ರಾನೆಕ್ಸಾಮಿಕ್ ಆಸಿಡ್, ಊತ ಜೋರಾದಾಗ ರಕ್ತನಿಧಿಯಿಂದ ತಂದು ಏರಿಸುವ ಪ್ಲಾಸ್ಮಾ. ಅರ್ಧ ಶತಮಾನದ ಹಿಂದೆ ಒಂಬತ್ತು ರೋಗಿಗಳ ಮೇಲೆ ನಡೆದ ಪ್ರಯೋಗದ ಫಲವನ್ನು ನಮ್ಮವರು ಇಂದಿಗೂ ಉಣ್ಣುತ್ತಿದ್ದಾರೆ.

ಆದರೆ ಮದ್ದಿಗಿಂತ ಮೊದಲು ಬೇಕಾದದ್ದು ಅನುಮಾನ. ತುರಿಕೆ, ಗಂಧೆ ಇಲ್ಲದ ಊತ ಮತ್ತೆ ಮತ್ತೆ ಬರುತ್ತಿದ್ದರೆ, ಅಲರ್ಜಿಯ ಮಾತ್ರೆಗೆ ಇಳಿಯದಿದ್ದರೆ, ಕಾರಣ ಸಿಗದ ಹೊಟ್ಟೆನೋವು ಜೊತೆಗಿದ್ದರೆ ಸಿ4 ಎಂಬ ರಕ್ತಪರೀಕ್ಷೆ ಮಾಡಿಸಬೇಕು. ಸಿ1 ಇನ್ಹಿಬಿಟರ್ ಕೊರತೆಯಿರುವ ಬಹುತೇಕರಲ್ಲಿ ಸಿ4 ಕಡಿಮೆಯೇ ಇರುತ್ತದೆ. ಆಗ ಸಿ1 ಇನ್ಹಿಬಿಟರ್‌ನ ಪ್ರಮಾಣದ ಜೊತೆಗೆ ಅದರ ಕಾರ್ಯವನ್ನೂ ಪರೀಕ್ಷಿಸಬೇಕು, ಏಕೆಂದರೆ ಕೆಲವರಲ್ಲಿ ಪ್ರೋಟೀನ್ ಇದ್ದೂ ಕೆಲಸ ಮಾಡುವುದಿಲ್ಲ. ಬಿಪಿಗೆ ಕೊಡುವ ಎನಾಲಪ್ರಿಲ್, ರಾಮಿಪ್ರಿಲ್ ಜಾತಿಯ ಮಾತ್ರೆಗಳು ಬ್ರಾಡಿಕೈನಿನ್ ಕರಗದಂತೆ ತಡೆಯುವುದರಿಂದ ಈ ರೋಗಿಗಳಿಗೆ ಆಗಿಬರುವುದಿಲ್ಲ. ಹಾಗೆಂದು ವೈದ್ಯರನ್ನು ಕೇಳದೆ ಬಿಪಿ ಮಾತ್ರೆ ನಿಲ್ಲಿಸಲೂ ಬಾರದು.

ತಂದೆಗೋ ತಾಯಿಗೋ ಈ ಕಾಯಿಲೆ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ರೋಗಿಗಳಲ್ಲಿ ಸುಮಾರು ಕಾಲುಭಾಗದವರ ಮನೆತನದಲ್ಲಿ ಮೊದಲು ಯಾರಿಗೂ ಇದ್ದಿರುವುದಿಲ್ಲ. ಆದ್ದರಿಂದ ಒಬ್ಬರಿಗೆ ಎಚ್‌ಎಇ ಎಂದು ಗೊತ್ತಾದರೆ ಅಪ್ಪ ಅಮ್ಮ, ಅಣ್ಣ ತಮ್ಮಂದಿರು, ಅಕ್ಕ ತಂಗಿಯರು, ಮಕ್ಕಳು ಎಲ್ಲರ ರಕ್ತಪರೀಕ್ಷೆಯೂ ಆಗಬೇಕು. ಕಾಯಿಲೆಯ ಹೆಸರು ಬರೆದ ಚೀಟಿಯೊಂದು ರೋಗಿಯ ಜೇಬಿನಲ್ಲಿ ಸದಾ ಇರಬೇಕು. ಗಂಟಲು ಊದತೊಡಗಿದಾಗ ಎದುರಿಗಿರುವ ಹೊಸ ವೈದ್ಯರಿಗೆ ಇದು ಅಲರ್ಜಿಯಲ್ಲ ಎಂದು ಹೇಳಲು ರೋಗಿಗೆ ಆಗ ಮಾತೇ ಹೊರಡದಿರಬಹುದು.